ವಿಟಮಿನ್ ಡಿ: ಉಳಿದರ್ಧವನ್ನೂ ಅಚ್ಚು ಹಾಕಿ

ಮಾನ್ಯರೇ,

ಸಂತಾನಕ್ಕೆ ವಿಟಮಿನ್ ಡಿ ಒಳ್ಳೆಯದು ಎಂದು ಕಳೆದ ತಿಂಗಳು ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನವನ್ನು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ವೀರ್ಯ ಪರೀಕ್ಷೆಗೆ ಬಂದವರೊಬ್ಬರು ನನ್ನ ಮೇಜಿನ ಮೇಲಿಟ್ಟರು. ಡೆನ್ಮಾರ್ಕಿನ ಸಂಶೋಧಕ ಮಾರ್ಟಿನ್ ಬ್ಲೋಂಬರ್ಗ್ ಯೆನ್ಸೆನ್ ಹೆಸರಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ವಾರಕ್ಕೊಂದು ನುಂಗಬೇಕಾದ ಕ್ಯಾಪ್ಸೂಲನ್ನು ಇಪ್ಪತ್ತು ದಿನಗಳಿಂದ ದಿನಕ್ಕೊಂದು ನುಂಗುತ್ತಿದ್ದಾರೆ. ‘ಪೇಪರಲ್ಲೇ ಬಂದಿದೆಯಲ್ಲ ಮೇಡಂ’ ಎಂದರು. ಬಾಯಾರಿಕೆ ಜಾಸ್ತಿ, ಊಟ ಸೇರುತ್ತಿಲ್ಲ ಎಂದೂ ಹೇಳಿದರು. ಈ ವಿಟಮಿನ್ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಕುತ್ತು. ಮೊದಲು ಡಾಕ್ಟರನ್ನು ನೋಡಿ ಎಂದು ಕಳಿಸಿದೆ.

ನಿಮ್ಮ ಲೇಖನದಲ್ಲಿ ಸುಳ್ಳಿಲ್ಲ. ಅರ್ಧ ಇದೆ, ಅಷ್ಟೆ. ವೃಷಣದ ಕೋಶಗಳಲ್ಲೂ ವೀರ್ಯಾಣುವಿನಲ್ಲೂ ವಿಟಮಿನ್ ಡಿಗೆ ಗ್ರಾಹಿಗಳಿವೆ (ಅದನ್ನು ಹಿಡಿದುಕೊಳ್ಳುವ ಅಣುಗಳು), ಅದನ್ನು ಸಕ್ರಿಯಗೊಳಿಸುವ ಕಿಣ್ವಗಳೂ ಅಲ್ಲೇ ಇವೆ ಎಂದು ಯೆನ್ಸೆನ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ಮರುವರ್ಷ 300 ಗಂಡಸರನ್ನು ಪರೀಕ್ಷಿಸಿದಾಗ, ರಕ್ತದಲ್ಲಿ ಈ ವಿಟಮಿನ್ ಹೆಚ್ಚಿದ್ದವರ ವೀರ್ಯಾಣುಗಳ ಚಲನೆಯೂ ಚೆನ್ನಾಗಿತ್ತು. ಗಾಜಿನ ತಟ್ಟೆಯಲ್ಲಿ ವೀರ್ಯಾಣುಗಳಿಗೆ ಅದರ ಸಕ್ರಿಯ ರೂಪವನ್ನು ಸೇರಿಸಿದರೆ ಅವುಗಳೊಳಗೆ ಕ್ಯಾಲ್ಸಿಯಂ ಏರಿತು, ಓಟ ಹೆಚ್ಚಿತು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಇವನ್ನೇ ಎಣಿಸುತ್ತಾ ಕೂರುವವಳು ನಾನು. ಕೆಲವು ನೆಟ್ಟಗೆ ಬಾಣದಂತೆ ಹೋಗುತ್ತವೆ. ಕೆಲವು ಇದ್ದಲ್ಲೇ ತಲೆಯಾಡಿಸುತ್ತಾ ಉಳಿಯುತ್ತವೆ. ತಲೆಯಾಡಿಸುವುದನ್ನು ಓಡಿಸುವ ಗುಳಿಗೆ ಸಿಕ್ಕರೆ ಯಾರಿಗೆ ಬೇಡ?

ಲೇಖನ ಇಲ್ಲಿಗೆ ನಿಂತಿದೆ. ಯೆನ್ಸೆನ್ ನಿಲ್ಲಲಿಲ್ಲ. ತಮ್ಮ ಊಹೆಯನ್ನು ತಾವೇ ಒರೆಗೆ ಹಚ್ಚಿದರು. ಮಕ್ಕಳಾಗದೆ ಬಂದಿದ್ದ, ವಿಟಮಿನ್ ಡಿ ಕಡಿಮೆಯಿದ್ದ 330 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲಿಗೆ 3 ಲಕ್ಷ ಯೂನಿಟ್, ಆಮೇಲೆ ದಿನವೂ 1,400 ಯೂನಿಟ್ ಜೊತೆಗೆ 500 ಮಿಲಿಗ್ರಾಂ ಕ್ಯಾಲ್ಸಿಯಂ. ಇನ್ನೊಂದಕ್ಕೆ ಔಷಧವಿಲ್ಲದ ಸಪ್ಪೆ ಗುಳಿಗೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ. ಹೀಗೆ 150 ದಿನ. ವೀರ್ಯಾಣು ತಯಾರಾಗಲು ಹತ್ತಿರ ಹತ್ತಿರ ಎರಡೂವರೆ ತಿಂಗಳು ಬೇಕು. ಅಂದರೆ ಎರಡು ಬೆಳೆ ತೆಗೆಯುವಷ್ಟು ಕಾಲ ಕಾದರು. 2018ರಲ್ಲಿ ಪ್ರಕಟವಾದ ಫಲಿತಾಂಶ ನೇರವಾಗಿತ್ತು: ವೀರ್ಯದ ಗುಣಮಟ್ಟದಲ್ಲಿ ಸುಧಾರಣೆ ಕಾಣಲಿಲ್ಲ.

ಒಂದು ಎಳೆ ಮಾತ್ರ ಉಳಿಯಿತು. ವೀರ್ಯಾಣು ಸಂಖ್ಯೆ ಕಡಿಮೆಯಿದ್ದವರಲ್ಲಿ, ವಿಟಮಿನ್ ಪಡೆದ ಶೇ 35.6 ಮಂದಿಗೆ ಮಗುವಾಯಿತು, ಸಪ್ಪೆ ಗುಳಿಗೆಯವರಲ್ಲಿ ಶೇ 18.3 ಮಂದಿಗೆ. ವೀರ್ಯ ಸುಧಾರಿಸದೆ ಮಕ್ಕಳು ಮಾತ್ರ ಹೆಚ್ಚಾದದ್ದು ಹೇಗೆ? ಗುಂಪಿನೊಳಗಿನ ಸಣ್ಣ ಗುಂಪಿನ ಲೆಕ್ಕ ಇದು, ಆಕಸ್ಮಿಕವೂ ಇರಬಹುದು. ಬೇರೆ ಪ್ರಯೋಗದಲ್ಲೂ ಹೀಗೇ ಬರಲಿ, ಆಗ ನಾನೂ ನಂಬುತ್ತೇನೆ.

ಹೆಂಗಸರ ಕಡೆಯ ಕತೆಯೂ ಬಹಳ ಬೇರೆಯಿಲ್ಲ. ಇಟಲಿಯಲ್ಲಿ ಪ್ರನಾಳ ಶಿಶು ಚಿಕಿತ್ಸೆಗೆ ಬಂದಿದ್ದ 630 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಒಂದೇ ಸಲ 6 ಲಕ್ಷ ಯೂನಿಟ್ ಕೊಟ್ಟು ನೋಡಿದರು. 2021ರ ವರದಿಯ ಪ್ರಕಾರ ಅವರಲ್ಲಿ ಶೇ 37 ಮಂದಿಗೆ ಗರ್ಭ ನಿಂತಿತು, ಕೊಡದವರಲ್ಲಿ ಶೇ 40 ಮಂದಿಗೆ.

ಹಾಗಾದರೆ ಮೊದಲು ಕಂಡ ನಂಟು ಏನು? ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಬೊಜ್ಜು ಹೆಚ್ಚಿದಷ್ಟೂ ರಕ್ತದಲ್ಲಿ ಅದು ಕಡಿಮೆ ಸಿಗುತ್ತದೆ. ಅದೇ ಬೊಜ್ಜು ವೀರ್ಯವನ್ನೂ ಅಂಡೋತ್ಪತ್ತಿಯನ್ನೂ ಕೆಡಿಸಬಲ್ಲದು. ಕೊರತೆ ತಾನೇ ಕಳ್ಳನೋ, ಕಳ್ಳನ ಪಕ್ಕ ನಿಂತಿದ್ದ ದಾರಿಹೋಕನೋ ಎಂದು ತಿಳಿಯಲು ಇಂಥ ಪ್ರಯೋಗಗಳೇ ಬೇಕು.

ಕೊರತೆ ಕಡೆಗಣಿಸುವಂಥದ್ದು ಎಂದು ನಾನು ಹೇಳುತ್ತಿಲ್ಲ. ಈ ಕೊರತೆಯಿಂದ ಮೂಳೆ ಮೆತ್ತಗಾಗುವ ಚಿಕ್ಕಂದಿನ ರಿಕೆಟ್ಸ್‌ನಿಂದ ಸೊಂಟದ ಮೂಳೆ ಸೊಟ್ಟಗಾಗಿ, ಹೆರಿಗೆಯಲ್ಲಿ ಮಗು ಇಳಿಯಲಾಗದೆ ಹಿಂದೆ ಎಷ್ಟೋ ತಾಯಂದಿರು ಸತ್ತಿದ್ದಾರೆ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಮೂಳೆಗಾಗಿಯಾದರೂ ತುಂಬಿಸಿಕೊಳ್ಳಲೇಬೇಕು, ವೈದ್ಯರು ಬರೆದಷ್ಟೇ. ನನ್ನ ತಕರಾರು ‘ಸಂತಾನಕ್ಕೆ’ ಎಂಬ ಪದದ ಮೇಲೆ.

2011ರ ಚಲನೆಯ ಸುದ್ದಿಗೆ ಅರ್ಧ ಪುಟ ಕೊಟ್ಟ ನೀವು 2018ರ ಫಲಿತಾಂಶಕ್ಕೆ ಒಂದು ಸಾಲನ್ನೂ ಕೊಡಲಿಲ್ಲ. ಆ ಸಂಶೋಧಕರ ಬಗ್ಗೆ ನನಗೆ ಗೌರವ ಹುಟ್ಟಿದ್ದೇ ಆ ಎರಡನೆಯದನ್ನು ಓದಿದ ಮೇಲೆ. ಅದನ್ನೂ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ. ವಾರದ ಗುಳಿಗೆ ವಾರಕ್ಕೊಂದೇ ಎಂಬುದನ್ನೂ ಸೇರಿಸಿ.

ಆ ಓದುಗರ ಕ್ಯಾಲ್ಸಿಯಂ ವರದಿ ಇಂದು ಸಂಜೆ ಬರಬೇಕು.

– ಲ್ಯಾಬ್ ಟೆಕ್ನೀಷಿಯನ್ ಒಬ್ಬಳು