‘ಪುಂಡಾನೆ’ ಅನ್ನಬೇಡಿ

ಮಾನ್ಯ ಸಂಪಾದಕರೇ,

ಆನೆ ಗದ್ದೆಗೆ ಇಳಿದಾಗಲೆಲ್ಲ ಪತ್ರಿಕೆಗಳಲ್ಲಿ ‘ಪುಂಡಾನೆ ದಾಂಧಲೆ’ ಅಂತ ಹೆಡ್ಡಿಂಗ್ ಬರುತ್ತದೆ. ನಮ್ಮದು ಶಿರಸಿ ತಾಲ್ಲೂಕು, ಬನವಾಸಿ ಕಡೆ. ಎರಡು ವರ್ಷದ ಹಿಂದೆ ನನ್ನ ಗದ್ದೆಗೂ ಒಂದು ಬಂದಿತ್ತು. ಹಾಗಾಗಿ ಈ ಪತ್ರ.

ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆಯ ಬದುವಿನ ಮೇಲೆ ಭತ್ತದ ಬುಡಗಳ ಸಣ್ಣ ಸಣ್ಣ ಗುಪ್ಪೆ. ಹಿಡಿಹಿಡಿಯಾಗಿ ಕಿತ್ತು, ತೆನೆ ತಿಂದು, ಮಣ್ಣು ಮೆತ್ತಿದ ಬೇರನ್ನಷ್ಟೇ ಬಿಸಾಕಿತ್ತು. ನನಗೆ ಸಿಟ್ಟು ಬಂದಿದ್ದು ಆಮೇಲೆ. ಮೊದಲು ಬಂದಿದ್ದು ಬೆರಗು. ಕೆಸರಿನಲ್ಲಿ ಮುಂಗಾಲಿನ ಹೆಜ್ಜೆ ಇತ್ತು. ಬಾಳೆಪಟ್ಟೆ ಸುತ್ತಿ ಅಳೆದೆ, ನಾಲ್ಕೂವರೆ ಅಡಿ. ಅದರ ಎರಡು ಪಟ್ಟು ಆನೆಯ ಭುಜದ ಎತ್ತರ ಅಂತ ಲೆಕ್ಕ. ಕೆಸರಲ್ಲಿ ಹೆಜ್ಜೆ ಸ್ವಲ್ಪ ಹಿಗ್ಗುತ್ತದೆ ಅಂದುಕೊಂಡರೂ ಬೆಳೆದ ಸಲಗವೇ ಸೈ.

ಯಾಕೆ ಸಲಗವೇ ಬರುತ್ತದೆ? ಇದರ ಬೆನ್ನು ಹತ್ತಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್. 1980ರ ದಶಕದ ಆರಂಭದಲ್ಲಿ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಶಿಷ್ಯರಾಗಿ, ಚಾಮರಾಜನಗರ, ಸತ್ಯಮಂಗಲ ಕಡೆಯ ಕಾಡು ಅಲೆದರು. ಹೆಣ್ಣಾನೆಗಿಂತ ಬೆಳೆದ ಗಂಡಾನೆ ಹೊಲಕ್ಕೆ ಬರುವುದು ಬಹಳ ಜಾಸ್ತಿ ಅಂತ ಎಣಿಸಿ ತೋರಿಸಿದರು. ಕಾಡಿನ ಹುಲ್ಲಿಗಿಂತ ರಾಗಿ, ಭತ್ತದಲ್ಲಿ ಪ್ರೋಟೀನ್ ಮತ್ತು ಉಪ್ಪಿನಂಶ ಹೆಚ್ಚು. ಚೆನ್ನಾಗಿ ಮೇದು ಮೈ ಬೆಳೆಸಿದ ಗಂಡಿಗೆ ಇನ್ನೊಂದು ಗಂಡಿನ ಎದುರು ನಿಲ್ಲುವ ಬಲ, ಹೆಣ್ಣಾನೆ ಸಿಗುವ ಅವಕಾಶ. ಅದಕ್ಕೇ ಕೋವಿ, ಪಟಾಕಿ ಇದ್ದರೂ ನುಗ್ಗುತ್ತದೆ. ಮರಿ ಕಟ್ಟಿಕೊಂಡ ತಾಯಿ ಸುಮ್ನೆ ಯಾಕೆ ಅಷ್ಟು ಅಪಾಯಕ್ಕೆ ಬೀಳುತ್ತಾಳೆ? ಇದನ್ನು ಪುಂಡಾಟ ಅನ್ನೋದು ಸರಿಯಲ್ಲ, ಅಲ್ವಾ?

ಆನೆ ವಿಜ್ಞಾನಿಗಳಿಗೆ ರೈತನ ಕಷ್ಟ ಕಾಣೋದಿಲ್ಲ ಎಂದು ನಮ್ಮೂರಲ್ಲಿ ಬೈಯುವವರಿದ್ದಾರೆ. ನಾನೂ ಬೈದವನೇ. ಆದರೆ ಕರ್ನಾಟಕ ಹೈಕೋರ್ಟ್ ನೇಮಿಸಿದ್ದ ಆನೆ ಕಾರ್ಯಪಡೆಗೆ ಇದೇ ಸುಕುಮಾರ್ ಅಧ್ಯಕ್ಷರಾಗಿದ್ದರು. 2012ರ ಅವರ ವರದಿಯಲ್ಲಿ ಮೂರು ಬಗೆಯ ಜಾಗಗಳಿವೆ. ಆನೆಗೇ ಬಿಡಬೇಕಾದ ಕಾಡು, ಜನ ಮತ್ತು ಆನೆ ಹೊಂದಿಕೊಂಡು ಇರಬೇಕಾದ ಜಾಗ, ಆನೆಯನ್ನು ಹಿಡಿದು ಸಾಗಿಸಲೇಬೇಕಾದ ಜಾಗ. ಆನೆಗಾಗಿ ಜೀವನ ಸವೆಸಿದವರು ಆ ಮೂರನೆಯದನ್ನೂ ಬರೆದಿದ್ದಾರೆ ಅನ್ನೋದು ನನಗೆ ದೊಡ್ಡದಾಗಿ ಕಂಡಿತು.

ಇದೆಲ್ಲ ಬಹುಪಾಲು ಇಂಗ್ಲಿಷಿನಲ್ಲಿ ಕೂತಿದೆ. ಮುಂಡಗೋಡ, ಹಳಿಯಾಳ, ಯಲ್ಲಾಪುರದ ರೈತರಿಗೆ ತಿಳಿಯುವ ಹಾಗೆ ನೀವು ಒಂದು ಪುಟ ಮಾಡಬಾರದೇ? ತೆನೆ ಬಲಿಯುವುದರೊಳಗೆ ಬಂದರೆ ರಾತ್ರಿ ಮಾಳ ಕಾಯುವವರಿಗೆಲ್ಲ ನಾನೇ ಓದಿ ಹೇಳುತ್ತೇನೆ.

ಇಂತಿ,
ಒಬ್ಬ ಭತ್ತದ ರೈತ
ಶಿರಸಿ ತಾಲ್ಲೂಕು, ಉತ್ತರ ಕನ್ನಡ