ಬತ್ತಿದ ಎದೆಹಾಲು ಮತ್ತೆ ಬರಬೇಕಾದರೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಶಂಕರ,

ನಿನ್ನ ಮೆಸೇಜು ಓದಿದೆ. ಅತ್ತಿಗೆ ಆಪರೇಷನ್ ಮುಗಿಸಿ ಮೂರು ವಾರದ ಮೇಲೆ ಮನೆಗೆ ಬಂದಿದ್ದಾರೆ, ಏಳು ವಾರದ ಮಗು ಅಷ್ಟರಲ್ಲಿ ಬಾಟಲಿಗೆ ಒಗ್ಗಿಹೋಗಿದೆ, ಹಿಂಡಿದರೆ ಒಂದು ಹನಿಯೂ ಇಲ್ಲ. ‘ಬತ್ತಿದ್ದು ಬತ್ತಿತು, ಇನ್ನು ಪೌಡರೇ ಗತಿ’ ಎಂದು ಮನೆಯಲ್ಲಿ ಹೇಳುತ್ತಿದ್ದಾರಂತೆ. ಹಾಗೇನಿಲ್ಲ ಮಾರಾಯಾ. ನಿಂತ ಹಾಲನ್ನು ಮತ್ತೆ ಬರಿಸಲಿಕ್ಕೆ ಆಗುತ್ತದೆ. ಡಾಕ್ಟರರ ಹತ್ತಿರ ‘ರೀಲ್ಯಾಕ್ಟೇಶನ್’ ಅಂದರೆ ಸಾಕು, ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಇದಕ್ಕೆಂದೇ ಒಂದು ಪುಸ್ತಿಕೆ ತಂದಿತ್ತು. ದಾವಣಗೆರೆಯ ಮಕ್ಕಳ ವೈದ್ಯರು ಅದಕ್ಕೂ ಮೊದಲೇ, 1993ರಲ್ಲಿ, ಇದರ ಬಗ್ಗೆ ಬರೆದಿದ್ದರು.

ಪತ್ರ ಅತ್ತಿಗೆಗೆ ಬರೆಯದೆ ನಿನಗೆ ಬರೆಯಲಿಕ್ಕೆ ಕಾರಣ ಉಂಟು. ಹಾಲು ಬರಿಸುವುದು ಅವರ ಮೈಯಾದರೂ ಅದಕ್ಕೆ ಬೇಕಾದ ಸಮಯ, ನಿದ್ದೆ, ತೊಳೆದ ಪಾತ್ರೆ, ಇತರರ ಬಾಯಿ ಮುಚ್ಚಿಸುವುದು, ಇವೆಲ್ಲ ನಿನ್ನ ಕೈಯಲ್ಲಿರುವುದು.

ಮೊದಲು ಇದರ ಒಳಗುಟ್ಟು. ಕರು ಬಿಟ್ಟಾಗ ಹಸು ಸೊರೆ ಬಿಡುತ್ತದೆ, ಹಿಂಡದೆ ಬಿಟ್ಟರೆ ಬತ್ತುತ್ತದೆ ಎಂಬುದು ನಿನಗೆ ಹೇಳಿಕೊಡಬೇಕಾಗಿಲ್ಲ. (ಈ ಹೋಲಿಕೆಗೆ ಅತ್ತಿಗೆ ಬೈದರೆ ನನ್ನ ಹೆಸರು ಹೇಳು.) ಮಗು ಚೀಪಿದಾಗ ತೊಟ್ಟಿನ ನರಗಳಿಂದ ಮಿದುಳಿಗೆ ಸುದ್ದಿ ಹೋಗಿ ಎರಡು ಹಾರ್ಮೋನು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲು ತಯಾರಿಸುತ್ತದೆ, ಆಕ್ಸಿಟೋಸಿನ್ ತಯಾರಾದ ಹಾಲನ್ನು ಹೊರಗೆ ತಳ್ಳುತ್ತದೆ. ಎದೆಯಲ್ಲಿ ಹಾಲು ಹಾಗೇ ನಿಂತರೆ ‘ಸಾಕು, ಇನ್ನು ಬೇಡ’ ಎಂಬ ಸೂಚನೆಯೂ ಆ ಹಾಲಿನಿಂದಲೇ ಹೋಗುತ್ತದೆ. ಮೂರು ವಾರದಲ್ಲಿ ಆದದ್ದು ಇಷ್ಟೇ. ಹಾಲು ತಯಾರಿಸುವ ಗ್ರಂಥಿಗಳು ಎಲ್ಲಿಗೂ ಹೋಗಿಲ್ಲ, ಕೆಲಸ ನಿಲ್ಲಿಸಿ ಕುಳಿತಿವೆ. ಅವುಗಳನ್ನು ಎಬ್ಬಿಸುವುದು ಚೀಪುವಿಕೆ, ಬೇರೆ ಯಾವುದೂ ಅಷ್ಟು ಎಬ್ಬಿಸುವುದಿಲ್ಲ. ಮಗು ಎರಡು ಮೂರು ತಿಂಗಳ ಒಳಗಿದ್ದರೆ ಎದೆಗೆ ಮರಳುವುದು ಸಸಾರ. ಆರು ತಿಂಗಳು ದಾಟಿದ ಮಕ್ಕಳು ಹಟ ಹಿಡಿಯುತ್ತವೆ. ನಿಮ್ಮದು ಏಳು ವಾರ, ಹಾಗಾಗಿ ಇವತ್ತೇ ಶುರು ಮಾಡಿ.

ಶುರು ಮಾಡುವ ಮೊದಲು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಹಿಡಿದು ಡಾಕ್ಟರರಲ್ಲಿ ಕೆಲವು ಸಂಗತಿ ಕೇಳು. ಹಾಲು ನಿಲ್ಲಿಸಲೆಂದು ಕ್ಯಾಬರ್ಗೊಲಿನ್ ಅಥವಾ ಬ್ರೊಮೊಕ್ರಿಪ್ಟಿನ್ ಮಾತ್ರೆ ಕೊಟ್ಟಿದ್ದರೇ? ಕೊಟ್ಟಿದ್ದರೆ ಅದರ ಪ್ರಭಾವ ದಿನಗಟ್ಟಲೆ ಉಳಿಯುತ್ತದೆ, ಮೊದಲ ವಾರ ಏನೂ ಕಾಣದಿದ್ದರೆ ಗಾಬರಿ ಬೇಡ. ಈಗ ತೆಗೆದುಕೊಳ್ಳುತ್ತಿರುವ ಮದ್ದುಗಳೊಂದಿಗೆ ಮಗುವಿಗೆ ಹಾಲು ಕೊಡಬಹುದೇ? ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಬರೆದಿದ್ದರೆ ಬೇರೆ ಉಪಾಯ ಕೇಳು, ಅದು ಹಾಲು ಕಡಿಮೆ ಮಾಡುತ್ತದೆ. ಸೂಡೊಎಫೆಡ್ರಿನ್ ಇರುವ ಶೀತದ ಮಾತ್ರೆಯೂ ಹಾಗೆಯೇ. ಈ ಆಟಿ ಮಳೆಯಲ್ಲಿ ಮೂಗು ಸೋರಿತೆಂದು ಮದ್ದಿನ ಅಂಗಡಿಯಿಂದ ಕೇಳದೆ ತರಬೇಡ. ರಕ್ತಹೀನತೆ, ಥೈರಾಯ್ಡ್ ಎರಡನ್ನೂ ಒಮ್ಮೆ ನೋಡಿಸಿದರೆ ಒಳ್ಳೆಯದು.

ಇನ್ನು ನಿಜವಾದ ಕೆಲಸ. ಇಪ್ಪತ್ತನಾಲ್ಕು ಗಂಟೆಯಲ್ಲಿ ಕನಿಷ್ಠ ಹತ್ತು ಸಲ ಮಗು ಎದೆ ಚೀಪಬೇಕು, ಪ್ರತಿ ಸಲ ಎರಡೂ ಬದಿ, ಒಂದೊಂದರಲ್ಲಿ ಹತ್ತು ಹದಿನೈದು ನಿಮಿಷವಾದರೂ. ರಾತ್ರಿಯ ಎರಡು ಮೂರು ಸಲ ತಪ್ಪಲೇಬಾರದು, ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚು. ‘ಪಾಪ, ಮಲಗಲಿ’ ಎಂದು ಅಜ್ಜಿ ರಾತ್ರಿ ಮಗುವನ್ನು ಬೇರೆ ಕೋಣೆಗೆ ಒಯ್ದು ಬಾಟಲಿ ಕೊಟ್ಟರೆ ಹಗಲಿನ ಶ್ರಮವೆಲ್ಲ ನೀರಲ್ಲಿ ಹೋಮ. ಬಾಟಲಿ, ನಿಪ್ಪಲ್, ಚೀಪುವ ರಬ್ಬರು, ಎಲ್ಲ ಕಪಾಟಿನೊಳಗೆ.

ಆದರೆ ಖಾಲಿ ಎದೆಯನ್ನು ಯಾವ ಮಗು ಚೀಪೀತು? ನಾಲ್ಕು ಸಲ ಎಳೆದು, ಏನೂ ಬಾರದೆ, ಬೆನ್ನು ಬಿಲ್ಲು ಮಾಡಿ ಅಳುತ್ತದೆ. ಹೆಚ್ಚಿನವರು ಬಿಡುವುದು ಇಲ್ಲೇ. ಇದಕ್ಕೆ ಉಪಾಯ, ಎದೆಯ ಮೇಲೆಯೇ ಹಾಲು ಸಿಗುವ ಹಾಗೆ ಮಾಡುವುದು.

ಕುಂಬಳೆಯ ಅಥವಾ ಬದಿಯಡ್ಕದ ಮದ್ದಿನ ಅಂಗಡಿಯಲ್ಲಿ ‘ಇನ್‌ಫೆಂಟ್ ಫೀಡಿಂಗ್ ಟ್ಯೂಬ್, 5 ಅಥವಾ 6 ನಂಬರ್’ ಎಂದು ಕೇಳು. ಜೊತೆಗೆ ಕಾಗದದಂಥ ಮೈಕ್ರೊಪೋರ್ ಟೇಪು, 10 ಎಂಎಲ್‌ನ ಸೂಜಿಯಿಲ್ಲದ ಸಿರಿಂಜು. ಟ್ಯೂಬಿನ ಅಗಲ ಬಾಯಿಯ ತುದಿ ಹಾಲಿನ ಲೋಟದ ತಳದಲ್ಲಿರಬೇಕು, ನುಣುಪಾದ ತೂತಿನ ತುದಿ ಎದೆಯ ಮೇಲೆ ಹರಿದು ತೊಟ್ಟಿಗಿಂತ ಅರ್ಧ ಸೆಂಟಿಮೀಟರಿನಷ್ಟು ಮುಂದೆ ಬರಬೇಕು. ಮಗುವಿನ ತುಟಿಗೆ ಸಿಗದಷ್ಟು ಹಿಂದೆ ಟೇಪು ಅಂಟಿಸು. ಮಗು ತೊಟ್ಟು ಮತ್ತು ಟ್ಯೂಬು ಎರಡನ್ನೂ ಒಟ್ಟಿಗೆ ಬಾಯಿಗೆ ತೆಗೆದುಕೊಳ್ಳುತ್ತದೆ. ಎಳೆದಾಗ ಲೋಟದ ಹಾಲು ಬರುತ್ತದೆ, ಎದೆಗೂ ಸುದ್ದಿ ಮುಟ್ಟುತ್ತದೆ.

ಲೋಟ ಹಿಡಿಯುವುದು ನೀನು. ಎಲ್ಲ ಆಟ ಅದರ ಎತ್ತರದಲ್ಲಿ ಇರುವುದು. ತೊಟ್ಟಿಗಿಂತ ಮೇಲೆ ಹಿಡಿದರೆ, ತೋಟಕ್ಕೆ ಪೈಪಿನಲ್ಲಿ ನೀರು ಇಳಿದ ಹಾಗೆ ಹಾಲು ತಾನಾಗಿ ಸುರಿಯುತ್ತದೆ. ಮಗುವಿಗೆ ಚೀಪುವ ಕೆಲಸವೇ ಇಲ್ಲ, ನೆತ್ತಿಗೆ ಹತ್ತುವುದೂ ಉಂಟು. ತುಸು ಕೆಳಗೆ ಹಿಡಿದರೆ ಎಳೆದಷ್ಟೇ ಬರುತ್ತದೆ. ಮೊದಲ ಒಂದೆರಡು ದಿನ ಮಗುವಿಗೆ ಆಸೆ ಹುಟ್ಟಲು ಸಮಮಟ್ಟದಲ್ಲಿ ಹಿಡಿ, ಆಮೇಲೆ ಇಳಿಸುತ್ತ ಹೋಗು. ಒಂದು ಊಟ ಮುಗಿಯಲು ಸುಮಾರು ಅರ್ಧ ಗಂಟೆ ಹಿಡಿಯಬೇಕು. ಹತ್ತು ನಿಮಿಷದಲ್ಲಿ ಲೋಟ ಖಾಲಿಯಾದರೆ ಇನ್ನೂ ಕೆಳಗಿಳಿಸು, ಅಥವಾ ನಡುವೆ ಟ್ಯೂಬನ್ನು ಬೆರಳಲ್ಲಿ ಒತ್ತಿ ಹಿಡಿ. ಒಂದು ಗಂಟೆಯಾದರೂ ಮುಗಿಯದಿದ್ದರೆ ಪೌಡರಿನ ಗಂಟು ಟ್ಯೂಬಿಗೆ ಸಿಕ್ಕಿದೆಯೋ ನೋಡು, ಹಾಲನ್ನು ಸೋಸಿಯೇ ತುಂಬಿಸಬೇಕು. ಮೊದಲ ಸಲ ಇದನ್ನು ಆಸ್ಪತ್ರೆಯ ನರ್ಸ್ ಎದುರೇ ಮಾಡಿನೋಡಿ.

ಊಟವಾದ ಕೂಡಲೇ ಸಿರಿಂಜಿನಿಂದ ಟ್ಯೂಬಿನೊಳಗೆ ತಣ್ಣೀರು, ಆಮೇಲೆ ಬೆಚ್ಚಗಿನ ಸಾಬೂನು ನೀರು, ಕೊನೆಗೆ ಕುದಿಸಿ ಆರಿಸಿದ ನೀರು ಹಾಯಿಸಿ, ಗಾಳಿ ಊದಿ ಒಣಗಿಸು. ಹಾಲು ಒಳಗೆ ಒಣಗಿದ ಮೇಲೆ ಯಾವ ನೀರಿಗೂ ಹೋಗುವುದಿಲ್ಲ. ಪ್ಯಾಕೆಟಿನ ಮೇಲೆ ಒಂದೇ ಬಳಕೆಗೆ ಎಂದು ಬರೆದಿರುತ್ತದೆ, ದಿನಕ್ಕೊಂದಾದರೂ ಹೊಸದು ತೆಗೆ. ಬೆಲೆ ಹೆಚ್ಚಿಲ್ಲ, ಉಳಿತಾಯ ಇಲ್ಲಿ ಬೇಡ.

ಟ್ಯೂಬು ಹೊಂದದಿದ್ದರೆ ಇನ್ನೊಂದು ದಾರಿ: ಮಗು ಎದೆಗೆ ಬಾಯಿ ಹಚ್ಚಿದಾಗ ಮೇಲಿನಿಂದ ಸಿರಿಂಜು ಅಥವಾ ಚಮಚದಲ್ಲಿ ಹನಿಹನಿಯಾಗಿ ಹಾಲನ್ನು ತೊಟ್ಟಿನತ್ತ ಹರಿಸುವುದು. ಹಿಂದೆಮುಂದೆ ನೋಡುವ ಮಗುವಿಗೆ ಮೊದಲ ದಿನಗಳಲ್ಲಿ ಇದೇ ಹೆಚ್ಚು ಹಿಡಿಸುತ್ತದೆ. ಉಳಿದ ಹಾಲನ್ನು ಒಳಲೆಯಲ್ಲಿ ಕೊಡಿ. ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಇದ್ದೀತು, ಆಸ್ಪತ್ರೆಯವರು ಪಾಲಡೈ ಎನ್ನುವುದು ಅದನ್ನೇ.

ಬಾಟಲಿಗೆ ಒಗ್ಗಿದ ಮಗು ಬಾಯಿಯನ್ನು ಸಣ್ಣದಾಗಿ ತೆರೆದು ತೊಟ್ಟನ್ನು ಮಾತ್ರ ಕಚ್ಚುತ್ತದೆ, ಅತ್ತಿಗೆಗೆ ಗಾಯವಾಗುತ್ತದೆ. ತೊಟ್ಟನ್ನು ಮೇಲ್ತುಟಿಗೆ ತಾಗಿಸಿ, ಆಕಳಿಸುವಷ್ಟು ದೊಡ್ಡ ಬಾಯಿ ತೆರೆದ ಮೇಲೆ ಎದೆಗೆ ಹತ್ತಿಸಬೇಕು. ಗದ್ದ ಎದೆಗೆ ತಾಗಿ, ಕೆಳತುಟಿ ಹೊರಗೆ ಮಡಚಿ, ತೊಟ್ಟಿನ ಸುತ್ತಲ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತಿದ್ದರೆ ಸರಿ. ತಲೆಯ ಹಿಂಬದಿ ಒತ್ತಿ ತಳ್ಳಬೇಡಿ, ಮಗು ಹಿಂದಕ್ಕೇ ಚಿಮ್ಮುತ್ತದೆ. ತೊಟ್ಟು ಒಳಸೇರಿದ್ದರೆ ದಾವಣಗೆರೆಯ ನಿರ್ಮಲಾ ಕೇಸರಿ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಸುಲಭ ಉಪಾಯ ಉಂಟು. 10 ಎಂಎಲ್ ಸಿರಿಂಜಿನ ಮೂತಿಯ ಬದಿ ಕತ್ತರಿಸಿ, ಪಿಸ್ಟನನ್ನು ಆ ಕತ್ತರಿಸಿದ ಬದಿಯಿಂದ ಒಳಗೆ ಹಾಕಿ, ನುಣುಪಾದ ಬದಿಯನ್ನು ತೊಟ್ಟಿನ ಮೇಲಿಟ್ಟು ಅತ್ತಿಗೆಯೇ ಮೆಲ್ಲಗೆ ಎಳೆಯುವುದು. ಅರ್ಧ ನಿಮಿಷದಿಂದ ಒಂದು ನಿಮಿಷ, ದಿನಕ್ಕೆ ಕೆಲವು ಸಲ. ತೆಗೆಯುವ ಮೊದಲು ಪಿಸ್ಟನ್ ಹಿಂದಕ್ಕೆ ದೂಡಬೇಕು, ಇಲ್ಲದಿದ್ದರೆ ಚರ್ಮ ನೋಯುತ್ತದೆ.

ತೀರಾ ಹಸಿದು ಅಳುವ ಮಗುವಿನೊಂದಿಗೆ ಪ್ರಯತ್ನ ಬೇಡ. ಸ್ವಲ್ಪ ಹಾಲು ಕೊಟ್ಟು ಸಮಾಧಾನ ಮಾಡಿ, ಅಥವಾ ಅರೆನಿದ್ದೆಯಲ್ಲಿರುವಾಗ, ಬಟ್ಟೆ ತೆಗೆದು ಅಮ್ಮನ ಬರಿ ಎದೆಯ ಮೇಲೆ ಮಲಗಿಸಿ, ಮೇಲಿಂದ ಶಾಲು ಹೊದೆಸಿ ಬಿಡಿ. ಹಾಗೆ ಮಲಗಿದಲ್ಲೇ ಎಷ್ಟೋ ಮಕ್ಕಳು ತಾವಾಗಿ ಹುಡುಕಿ ಹಿಡಿಯುತ್ತವೆ.

ಹಿಂಡುವುದೂ ಜೊತೆಗೆ ನಡೆಯಲಿ, ಮಗು ಸರಿಯಾಗಿ ಚೀಪದ ದಿನಗಳಲ್ಲಂತೂ ಖಂಡಿತ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಮೂರು ನಾಲ್ಕು ಸೆಂಟಿಮೀಟರ್ ಹಿಂದೆ ಇಟ್ಟು, ಮೊದಲು ಎದೆಗೂಡಿನತ್ತ ಒತ್ತಿ, ಆಮೇಲೆ ಬೆರಳುಗಳನ್ನು ಪರಸ್ಪರ ಒತ್ತಿ ಬಿಡುವುದು. ಚರ್ಮದ ಮೇಲೆ ಜಾರಿಸಿ ಉಜ್ಜಬಾರದು. ಮೂರರಿಂದ ಐದು ನಿಮಿಷಕ್ಕೊಮ್ಮೆ ಬದಿ ಬದಲಿಸುತ್ತ ಒಟ್ಟು ಇಪ್ಪತ್ತು ಮೂವತ್ತು ನಿಮಿಷ. ಕರೆಂಟಿನ ಪಂಪು ತರುವುದಾದರೆ ತಾ, ಆದರೆ ಈ ಮಳೆಗಾಲದಲ್ಲಿ ಕರೆಂಟನ್ನು ನಂಬಿ ಕೂರುವ ಹಾಗಿಲ್ಲವಲ್ಲ, ಕೈ ಅಭ್ಯಾಸವಾಗಿರಲಿ. ಮೊದಲ ದಿನಗಳಲ್ಲಿ ಒಂದೆರಡು ಹನಿ ಅಂಟಂಟಾಗಿ ಬಂದರೂ ಅದು ಹಾಲೇ.

ಈಗ ಲೆಕ್ಕ. ಮಗು ನಾಲ್ಕು ಕಿಲೋ ಅಂದಿದ್ದಿ. ಕಿಲೋಗೆ ದಿನಕ್ಕೆ 150 ಎಂಎಲ್‌ನಂತೆ 600 ಎಂಎಲ್, ಹತ್ತು ಊಟಕ್ಕೆ ಹಂಚಿದರೆ ತಲಾ 60. ಹಾಲು ಬರುವವರೆಗೆ ಇದರಲ್ಲಿ ಒಂದು ಚಮಚವೂ ಕಡಿಮೆ ಮಾಡಬೇಡ. ಹಸಿವಾದರೆ ತಾನಾಗಿ ಚೀಪುತ್ತದೆ ಎಂದು ಹಾಲು ಕಡಿತ ಮಾಡುವವರಿದ್ದಾರೆ. ಅದು ಶುದ್ಧ ಅವಿವೇಕ, ಸೋತ ಮಗುವಿಗೆ ಚೀಪುವ ಶಕ್ತಿಯೇ ಇರುವುದಿಲ್ಲ. ಪೌಡರನ್ನು ಡಬ್ಬದಲ್ಲಿ ಬರೆದ ಅಳತೆಯಲ್ಲೇ ಬೆರೆಸು. ನೀರು ಕುದಿಸಿ ಅರ್ಧ ಗಂಟೆಯೊಳಗೆ, ಇನ್ನೂ ಬಿಸಿ ಇರುವಾಗಲೇ ಪೌಡರು ಹಾಕಿ, ಆಮೇಲೆ ಆರಿಸಬೇಕು. ಎರಡು ಗಂಟೆಯೊಳಗೆ ಮುಗಿಯದ್ದನ್ನು ಚೆಲ್ಲು. ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ಹಸು ಇದ್ದರೂ ಅದರ ಹಾಲು ಈ ಮಗುವಿಗೆ ಬೇಡ. ಎಳೆಯ ಮೂತ್ರಪಿಂಡಕ್ಕೆ ಅದರ ಪ್ರೊಟೀನು ಮತ್ತು ಲವಣ ಭಾರ, ಕಬ್ಬಿಣಾಂಶ ತೀರಾ ಕಡಿಮೆ. ಜೇನು, ತೇದ ಬಜೆ, ಸಕ್ಕರೆ ನೀರು ಯಾವುದೂ ಬೇಡ.

ಹಾಲು ಮರಳಿದ್ದು ಹೇಗೆ ಗೊತ್ತಾಗುತ್ತದೆ? ಎದೆ ಭಾರವೆನಿಸುತ್ತದೆ, ಮಗು ಒಂದು ಬದಿ ಚೀಪುವಾಗ ಇನ್ನೊಂದು ಬದಿ ತೊಟ್ಟಿಕ್ಕುತ್ತದೆ, ಟ್ಯೂಬು ಒತ್ತಿ ಹಿಡಿದಾಗಲೂ ನುಂಗುವ ಸದ್ದು ಕೇಳುತ್ತದೆ, ಲೋಟದಲ್ಲಿ ಹಾಲು ಉಳಿಯತೊಡಗುತ್ತದೆ. ಕೆಲವರಿಗೆ ಕೆಲವೇ ದಿನ, ಹಲವರಿಗೆ ಒಂದೆರಡು ವಾರ. ಪೂರ್ತಿ ಹಾಲಾಗಲು ಇನ್ನೂ ಕೆಲವು ವಾರ ಬೇಕು. ಈ ಗುರುತುಗಳು ಕಂಡ ಮೇಲೆ ಪ್ರತಿ ಊಟದ ಲೋಟದಿಂದ 5 ಎಂಎಲ್ ತೆಗೆ, ದಿನಕ್ಕೆ 50 ಆಯಿತು. ಕೆಲವು ದಿನ ಹಾಗೇ ಇಟ್ಟು ತೂಕ ನೋಡು. ಅಂಗನವಾಡಿಯಲ್ಲಿ ಅಥವಾ ಸಬ್ ಸೆಂಟರಿನಲ್ಲಿ ವಾರಕ್ಕೊಮ್ಮೆ, ಅದೇ ತಕ್ಕಡಿಯಲ್ಲಿ, ಬಟ್ಟೆ ತೆಗೆದು. ವಾರಕ್ಕೆ 125 ಗ್ರಾಂ ಏರಿದರೆ ಇನ್ನೂ 50 ಇಳಿಸು. ಏರದಿದ್ದರೆ ಒಂದು ವಾರ ಇದ್ದಲ್ಲೇ ನಿಲ್ಲು, ಆಗಲೂ ಏರದಿದ್ದರೆ ಹಿಂದಿನ ಅಳತೆಗೆ ಮರಳು. ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಮೂತ್ರ, ಅದೂ ಗಾಢ ಹಳದಿ, ಎಬ್ಬಿಸಿದರೂ ಏಳದ ನಿದ್ದೆ ಕಂಡರೆ ತೂಕದ ದಿನ ಕಾಯದೆ ಆಸ್ಪತ್ರೆಗೆ ಓಡು. ಅತ್ತಿಗೆಗೆ ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೂ ಡಾಕ್ಟರರ ಹತ್ತಿರ ಹೋಗಲೇಬೇಕು. ಆದರೆ ಅದಕ್ಕಾಗಿ ಹಾಲು ಕೊಡುವುದನ್ನು ನಿಲ್ಲಿಸಬೇಕಾಗಿಲ್ಲ.

ಲೇಹ, ಮೆಂತೆ ಗಂಜಿ, ಬೆಳ್ಳುಳ್ಳಿ, ನುಗ್ಗೆ ಸೊಪ್ಪು ಎಲ್ಲ ಅಮ್ಮ ಮಾಡಿಕೊಡಲಿ. ಹೊಟ್ಟೆ ತುಂಬುತ್ತದೆ, ಮನಸ್ಸಿಗೂ ಹಿತ. ಆದರೆ ಮೆಂತೆಯಿಂದಲೇ ಹಾಲು ಬರುತ್ತದೆ ಎಂಬುದಕ್ಕೆ ಬಲವಾದ ಆಧಾರವಿಲ್ಲ, ಹೆಚ್ಚು ತಿಂದರೆ ರಕ್ತದ ಸಕ್ಕರೆ ಇಳಿಯಬಹುದು, ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಡಾಕ್ಟರರಿಗೆ ಹೇಳಿಯೇ ತಿನ್ನಬೇಕು. ಬಾಣಂತಿಗೆ ನೀರು ಕೊಡಬಾರದು ಎಂಬ ಪಥ್ಯವನ್ನು ಮಾತ್ರ ನೀನು ಗಟ್ಟಿಯಾಗಿ ತಡೆ, ಬಾಯಾರಿದಷ್ಟು ಕುಡಿಯಲಿ. ಹಾಲು ಹೆಚ್ಚಿಸಲು ಡೊಂಪೆರಿಡೋನ್, ಮೆಟೊಕ್ಲೊಪ್ರಮೈಡ್ ಎಂಬ ಮಾತ್ರೆಗಳ ಹೆಸರು ಯಾರಾದರೂ ಹೇಳಿಯಾರು. ಮೊದಲನೆಯದು ಹೃದಯದ ಬಡಿತ ಕೆಡಿಸಬಹುದು, ಎರಡನೆಯದು ಮನಸ್ಸನ್ನು ಕುಗ್ಗಿಸಬಹುದು. ಡಾಕ್ಟರರು ಬರೆದುಕೊಟ್ಟರೆ ಮಾತ್ರ, ಅದೂ ಚೀಪಿಸುವ ಕೆಲಸ ಸರಿಯಾಗಿ ನಡೆಯುತ್ತಿದ್ದರೆ ಮಾತ್ರ ಪ್ರಯೋಜನ.

ಕೆಲವರಿಗೆ ಎಷ್ಟು ಮಾಡಿದರೂ ಅರ್ಧದಷ್ಟೇ ಹಾಲು ಬರುತ್ತದೆ. ಅರ್ಧ ಬಂದರೆ ಅರ್ಧ ಕೊಡಿ, ಉಳಿದದ್ದಕ್ಕೆ ಪೌಡರು ಇದ್ದೇ ಇದೆಯಲ್ಲ. ಅದನ್ನು ಸೋಲೆಂದು ಅತ್ತಿಗೆಯ ಎದುರು ಯಾರೂ ಆಡದಂತೆ ನೋಡಿಕೋ. ನೋಡಲು ಬಂದ ನೆಂಟರು ‘ಹಾಲು ಬಂತಾ?’ ಎಂದು ದಿನಕ್ಕೆ ಹತ್ತು ಸಲ ಕೇಳುವುದನ್ನು ಚಾವಡಿಯಲ್ಲೇ ನಿಲ್ಲಿಸು. ಆತಂಕವಾದರೆ ಆಕ್ಸಿಟೋಸಿನ್ ಹಿಂಜರಿಯುತ್ತದೆ, ಇದ್ದ ಹಾಲೂ ಇಳಿಯುವುದಿಲ್ಲ.

ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಗೆರೆ ಎಳೆ: ಎಷ್ಟು ಸಲ ಚೀಪಿತು, ಲೋಟದಿಂದ ಎಷ್ಟು ಎಂಎಲ್, ಮೂತ್ರ ಎಷ್ಟು ಸಲ, ವಾರದ ತೂಕ. ಬರುವ ಆದಿತ್ಯವಾರ ರಾತ್ರಿ ಅದರ ಫೋಟೋ ತೆಗೆದು ಕಳಿಸು, ಕೆಲಸ ಸರಿಯಾಗಿ ನಡೆಯುತ್ತಾ ಉಂಟೋ ಎಂದು ಅದನ್ನು ನೋಡಿಯೇ ಹೇಳಬಹುದು.

ನಿನ್ನ ಗೆಳೆಯ