ನಿಮ್ಮ ಸೈಟಿನ ಕರ್ಣ ಅಳೆದಿದ್ದೀರಾ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ 30×40 ಅಡಿ ನಿವೇಶನಕ್ಕೆ ಹೊಂದುವ ಆರು ಮನೆ ನಕ್ಷೆಗಳನ್ನು ಹಾಕಿದ್ದೀರಿ. ಪೂರ್ವದ ಬಾಗಿಲು, ಉತ್ತರದ ಬಾಗಿಲು, ಡ್ಯೂಪ್ಲೆಕ್ಸ್, ಎಲ್ಲ ಚೆನ್ನಾಗಿವೆ. ನಮ್ಮ ಬೀದಿಯವರೊಬ್ಬರು ಆಗಲೇ ಒಂದನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಅವರ ಸೈಟಿನಲ್ಲಿ ಇನ್ನೂ ಪಾರ್ಥೇನಿಯಂ ಎದೆಮಟ್ಟ ಬೆಳೆದಿದೆ. ನಾಲ್ಕು ಮೂಲೆಕಲ್ಲುಗಳಲ್ಲಿ ಎರಡು ಎಲ್ಲಿವೆ ಅಂತಲೇ ಗೊತ್ತಿಲ್ಲ. ಮನೆಯ ಬಣ್ಣ ಮಾತ್ರ ತೀರ್ಮಾನವಾಗಿದೆ. ಅದನ್ನು ನೋಡಿ ತಡೆಯಲಾಗದೆ ಈ ಪತ್ರ.

ನಾನು ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಹೇಳಿಕೊಟ್ಟವಳು. ಪೈಥಾಗೊರಸ್ ಪ್ರಮೇಯವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಬದಿ ಮೂರು, ನಾಲ್ಕು ಇದ್ದರೆ ಕರ್ಣ ಐದು ಅಂತ ನನ್ನ ತರಗತಿಯ ಮಕ್ಕಳು ನಿದ್ದೆಗಣ್ಣಲ್ಲೂ ಹೇಳುತ್ತಿದ್ದರು. ಅಂಥ ನಾನೇ ನನ್ನ ಸೈಟಿನ ಕರ್ಣ, ಅಂದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಉದ್ದ, ಅಳೆಯಲಿಲ್ಲ. ಅಳೆಯಬೇಕು ಅಂತ ಹೊಳೆಯಲೂ ಇಲ್ಲ.

ಮೈಸೂರಿನ ಹೊರಗೆ ಒಂದು ಖಾಸಗಿ ಬಡಾವಣೆಯಲ್ಲಿ ನಮ್ಮದು 30×40 ಸೈಟು. ಪೂರ್ವಕ್ಕೆ ರಸ್ತೆ. ನಿವೃತ್ತಿಯ ದುಡ್ಡು ಬಂದ ಮೇಲೆ 2019ರಲ್ಲಿ ಮನೆಗೆ ಕೈ ಹಾಕಿದೆವು. ನಕ್ಷೆ ಬರೆದುಕೊಟ್ಟವರು ಸೈಟಿಗೆ ಕಾಲೇ ಇಡಲಿಲ್ಲ. ಕ್ರಯಪತ್ರದ ಫೋಟೋ ವಾಟ್ಸ್ಆಪ್ ಮಾಡಿ ಸಾಕು ಅಂದರು. ನಾಲ್ಕೇ ದಿನಕ್ಕೆ ಬಣ್ಣಬಣ್ಣದ ನಕ್ಷೆ ಬಂತು, ಹಾಲಿನಲ್ಲಿ ಸೋಫಾ ಕೂಡ ಬರೆದಿದ್ದರು. ನಮಗೂ ಖುಷಿ. ಪ್ಲಾನ್ ಮಂಜೂರಾಯಿತು, ಬ್ಯಾಂಕಿನವರು ಅದೇ ನಕ್ಷೆ ನೋಡಿ ಸಾಲ ಕೊಟ್ಟರು, ಗುದ್ದಲಿ ಪೂಜೆಯೂ ಆಯಿತು.

ಪಾಯದ ಮಾರ್ಕಿಂಗ್ ಮಾಡುವ ದಿನ ಮೇಸ್ತ್ರಿ ಟೇಪಿನ ಕೊಕ್ಕೆಯನ್ನು ಈಶಾನ್ಯದ ಕಲ್ಲಿಗೆ ಸಿಕ್ಕಿಸಿ ನೈಋತ್ಯದ ಕಲ್ಲಿನವರೆಗೆ ನಡೆದ. ಬಗ್ಗಿ ನೋಡಿದ. ಮತ್ತೆ ವಾಯವ್ಯದಿಂದ ಆಗ್ನೇಯಕ್ಕೆ ಎಳೆದ. ಸುಣ್ಣದ ಬುಟ್ಟಿ ಕೆಳಗಿಟ್ಟು, "ಅಮ್ಮಾ, ಸೈಟು ವಾರೆ ಐತೆ" ಅಂದ.

ಒಂದು ಕಡೆ 51 ಅಡಿ. ಇನ್ನೊಂದು ಕಡೆ 49ಕ್ಕೆ ಕಾಲಂಗುಲ ಕಮ್ಮಿ. ಎರಡೂ 50 ಬರಬೇಕಿತ್ತು. 30 ಮತ್ತು 40ರ ಆಯತದಲ್ಲಿ ಕರ್ಣ 50, ಒಂದಂಗುಲ ಹೆಚ್ಚಿಲ್ಲ, ಕಡಿಮೆ ಇಲ್ಲ. ನನಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಆ ಮೇಸ್ತ್ರಿ ಓದಿದ್ದು ಐದನೇ ಕ್ಲಾಸು.

ಇದರಲ್ಲಿ ಒಂದು ಮಜಾ ಇದೆ. ನಾಲ್ಕೂ ಬದಿ ಅಳೆದರೆ ಕರಾರುವಾಕ್ಕಾಗಿ 30, 40, 30, 40. ಯಾರೂ ಮೋಸ ಮಾಡಿಲ್ಲ. ವಿಸ್ತೀರ್ಣ ಲೆಕ್ಕ ಹಾಕಿದರೂ 1,200ರಲ್ಲಿ ಹೋದದ್ದು ಸುಮಾರು ಒಂದು ಚದರಡಿ ಅಷ್ಟೆ. ನಾಲ್ಕು ಕಡ್ಡಿಗಳ ತುದಿಗೆ ಗುಂಡುಪಿನ್ನು ಚುಚ್ಚಿ ಚೌಕ ಮಾಡಿ, ಒಂದು ಮೂಲೆ ಸ್ವಲ್ಪ ನೂಕಿ ತೋರಿಸುತ್ತಿದ್ದೆ ತರಗತಿಯಲ್ಲಿ. ಕಡ್ಡಿಯ ಉದ್ದ ಅಷ್ಟೇ ಇರುತ್ತೆ, ಆಕಾರ ಮಾತ್ರ ವಾಲುತ್ತೆ. ನಮ್ಮ ಸೈಟು ಹಾಗೆ ವಾಲಿತ್ತು. ಕ್ರಯಪತ್ರ ತೆಗೆದು ಮತ್ತೆ ಓದಿದೆ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು, ಪೂರ್ವ-ಪಶ್ಚಿಮ ಇಷ್ಟು, ಉತ್ತರ-ದಕ್ಷಿಣ ಇಷ್ಟು ಅಂತ ಬರೆದಿದೆ. ಕೋನ ಎಷ್ಟು ಅಂತ ಎಲ್ಲೂ ಬರೆದಿಲ್ಲ. ನಕ್ಷೆ ಬರೆದವರು ಸುಮ್ನೆ 90 ಡಿಗ್ರಿ ಅಂದುಕೊಂಡರು.

ವಾಸ್ತು ನೋಡುವವರನ್ನು ಯಜಮಾನರು ಕರೆಸಿದರು. ಅವರು ಸೈಟಿನ ನಡುವೆ ದಿಕ್ಸೂಚಿ ಇಟ್ಟು, ಈಶಾನ್ಯ ಬೆಳೆದಿದೆ, ಬಹಳ ಒಳ್ಳೆಯದು ಅಂದರು. ಸಮಾಂತರ ಚತುರ್ಭುಜದಲ್ಲಿ ಎದುರು ಕೋನಗಳು ಸಮ ಅಲ್ವಾ, ಈಶಾನ್ಯ ಬೆಳೆದರೆ ನೈಋತ್ಯವೂ ಅಷ್ಟೇ ಬೆಳೆದಿರಬೇಕಲ್ಲ ಅಂದೆ. ಅವರು ಫೀಸು ತೆಗೆದುಕೊಂಡು ಹೋದರು.

ಇನ್ನು ಮನೆಯ ಕಥೆ. ಪಕ್ಕದಲ್ಲಿ ಮೂರು ಮೂರು ಅಡಿ ಜಾಗ ಬಿಟ್ಟು 24 ಅಡಿ ಅಗಲದ ಮನೆ ಬರೆದಿದ್ದರು. ಮನೆ ಆಯತ, ಸೈಟು ವಾರೆ. ಉತ್ತರದ ಗೋಡೆ ಮುಂದೆ ಮೂರಡಿ ಬಿಟ್ಟು ಹೊರಟರೆ ಹಿಂದೆ ಹೋಗಿ ಮುಟ್ಟುವಷ್ಟರಲ್ಲಿ ಉಳಿಯುತ್ತಿದ್ದದ್ದು 1 ಅಡಿ 9 ಅಂಗುಲ. ಸಿಲಿಂಡರ್ ಹೊತ್ತ ಹುಡುಗ ಅಡ್ಡಡ್ಡ ನಡೆಯಬೇಕು. ದಕ್ಷಿಣದಲ್ಲಿ ಬೇಡದಿದ್ದರೂ ನಾಲ್ಕೂಕಾಲು ಅಡಿ. ಕೊನೆಗೆ ಉತ್ತರದ ಗೋಡೆಯನ್ನೇ 15 ಅಂಗುಲ ಒಳಗೆ ತಂದರು. ಹನ್ನೊಂದು ಅಡಿಯ ಮಲಗುವ ಕೋಣೆ 9 ಅಡಿ 9 ಅಂಗುಲ ಆಯಿತು. ನನ್ನ ಮದುವೆಯಲ್ಲಿ ಅಪ್ಪ ಕೊಟ್ಟ ಕಬ್ಬಿಣದ ಬೀರು ಅಲ್ಲಿ ಹಿಡಿಯಲಿಲ್ಲ. ಈಗ ಅದು ಹಾಲಿನಲ್ಲಿ, ಟಿವಿ ಪಕ್ಕ ನಿಂತಿದೆ. ಬಂದವರೆಲ್ಲ ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡುತ್ತಾರೆ. ನಕ್ಷೆ ತಿದ್ದಿಸಿ ಮತ್ತೆ ಮಂಜೂರು ಮಾಡಿಸಿದ ಓಡಾಟ ಬೇರೆ, ಅದನ್ನು ಬರೆಯುತ್ತಾ ಕೂತರೆ ನಿಮ್ಮ ಪುಟ ಸಾಲದು.

ಅದಕ್ಕಿಂತ ಜಾಸ್ತಿ ದುಡ್ಡು ತಿಂದದ್ದು ಮಟ್ಟ. ಕಣ್ಣಿಗೆ ನಮ್ಮ ಸೈಟು ಸಪಾಟಾಗಿಯೇ ಕಾಣುತ್ತಿತ್ತು. ಮೇಸ್ತ್ರಿ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬಿಗೆ ನೀರು ತುಂಬಿಸಿದ. ಒಳಗೆ ಒಂದು ಗುಳ್ಳೆಯೂ ಇರಬಾರದು ಅಂತ ಬೆರಳಲ್ಲಿ ತಟ್ಟಿ ತಟ್ಟಿ ಹೊರಗೆ ಓಡಿಸಿದ. ಒಂದು ತುದಿ ರಸ್ತೆ ಬದಿಯ ಗೂಟಕ್ಕೆ, ಇನ್ನೊಂದು ಹಿಂದಿನ ಮೂಲೆಯ ಗೂಟಕ್ಕೆ. ನೀರು ಅಲುಗಾಡುವುದು ನಿಂತ ಮೇಲೆ ಎರಡೂ ಕಡೆ ಪೆನ್ಸಿಲ್ ಗೆರೆ ಎಳೆದ. ಹಿಂದಿನ ನೆಲ 2 ಅಡಿ 4 ಅಂಗುಲ ತಗ್ಗು. ನಕ್ಷೆಯಲ್ಲಿ ಬಚ್ಚಲು, ಪಾಯಿಖಾನೆ ಇದ್ದದ್ದು ಅಲ್ಲೇ ಹಿಂದೆ. ಒಳಚರಂಡಿಯ (ಯುಜಿಡಿ) ಚೇಂಬರ್ ಇರುವುದು ಮುಂದಿನ ರಸ್ತೆಯಲ್ಲಿ. ನೀರು ಏರಿ ಹೋಗುತ್ತಾ? ಪೈಪಿಗೆ ನಲವತ್ತಡಿಗೆ ಒಂದಡಿಯಾದರೂ ಇಳಿಜಾರು ಬೇಕು ಅಂತ ಮೇಸ್ತ್ರಿ ಹೇಳಿದ. ಹಾಗಾಗಿ ಇಡೀ ಮನೆಯನ್ನೇ ಎತ್ತರಿಸಿದೆವು. ಎಸ್ಟಿಮೇಟಿನಲ್ಲಿ ಇಲ್ಲದ ಎಂಟು ಲೋಡ್ ಗ್ರ್ಯಾವೆಲ್, ಹಿಂದೆ ಇನ್ನೂ ಎರಡು ವರಸೆ ಸೈಜುಗಲ್ಲು. ಬಾಗಿಲಿಗೆ ಮೂರು ಮೆಟ್ಟಿಲು ಅಂದಿದ್ದದ್ದು ಐದಾಯಿತು. ನನ್ನ ಮಂಡಿಗೆ ಆ ಎರಡು ಮೆಟ್ಟಿಲ ಲೆಕ್ಕ ದಿನಾ ಗೊತ್ತಾಗುತ್ತೆ.

ಇದೆಲ್ಲ ಗೊತ್ತಾದದ್ದು ಗುದ್ದಲಿ ಬಿದ್ದ ಮೇಲೆ. ನಾಲ್ಕು ತಿಂಗಳ ಮುಂಚೆ ಗೊತ್ತಾಗಿದ್ದರೆ ಖರ್ಚು ಒಂದು ರಬ್ಬರಿನದ್ದು. ಬಚ್ಚಲನ್ನು ಮುಂದಕ್ಕೆ ತರಬಹುದಿತ್ತು. ವಾರೆಯನ್ನು ಮೆಟ್ಟಿಲಿನ ಪಕ್ಕದ ಗೋಡೆಯಲ್ಲೋ ಸ್ಟೋರ್ ರೂಮಿನಲ್ಲೋ ಮುಚ್ಚಿಹಾಕಬಹುದಿತ್ತು.

ಕಳೆದ ವರ್ಷ ಹಾಸನದಲ್ಲಿ ನನ್ನ ತಮ್ಮ ಮನೆಗೆ ಹೊರಟಾಗ ನಾನು ಹಟ ಹಿಡಿದೆ. ಸೈಟಿನ ಅಳತೆ ಆಗುವವರೆಗೆ ಒಂದು ಗೆರೆಯೂ ಎಳೆಸಬೇಡ ಅಂದೆ. "ಅಕ್ಕ, ನಿನ್ನ ಬೀರು ಕಥೆ ಎಷ್ಟು ಸಲ ಹೇಳ್ತೀಯಾ" ಅಂತ ನಕ್ಕ, ಆದರೆ ಸರ್ವೇಯರನ್ನು ಕರೆಸಿದ. ಆರು ಸಾವಿರ ತೆಗೆದುಕೊಂಡರು. ಅರ್ಧ ದಿನದ ಕೆಲಸ. ಬೆಳಿಗ್ಗೆಯೇ ಹೋಗಿ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆ, ನೋಡಬೇಕು ಅಂತಲೇ.

ಅದು 40×60. ಕರ್ಣ 72 ಅಡಿ ಒಂದೂಕಾಲು ಅಂಗುಲ ಬರಬೇಕು ಅಂತ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಬಂತು, ಎರಡೂ ಕಡೆ. ಆಮೇಲೆ ಮೂರು ಕಾಲಿನ ಮೇಲೆ ಆಟೋ ಲೆವೆಲ್, ಅಂದರೆ ಮಟ್ಟ ನೋಡುವ ದುರ್ಬೀನು, ನಿಲ್ಲಿಸಿದರು. ಒಬ್ಬ ಹುಡುಗ ಸ್ಟಾಫ್ ಅನ್ನುವ ಎತ್ತರದ ಅಳತೆಪಟ್ಟಿ ಹಿಡಿದು ಮೂಲೆಯಿಂದ ಮೂಲೆಗೆ ಹೋದ. ರಸ್ತೆಯ ಚೇಂಬರ್ ಮುಚ್ಚಳದ ಮೇಲೆ 1.310 ಮೀಟರ್. ಹಿಂದಿನ ಮೂಲೆಯಲ್ಲಿ 1.765. ಓದು ಜಾಸ್ತಿಯಾದಷ್ಟೂ ನೆಲ ತಗ್ಗು, ಅಂದರೆ 45 ಸೆಂಟಿಮೀಟರ್ ಚಿಲ್ಲರೆ, ಒಂದೂವರೆ ಅಡಿ. ನನಗೂ ಒಮ್ಮೆ ಕಣ್ಣಿಟ್ಟು ನೋಡಲು ಬಿಟ್ಟರು. ಬೇವಿನ ಮರದ ಸುತ್ತಳತೆ, ವಿದ್ಯುತ್ ಕಂಬ, ಪಕ್ಕದ ಮನೆಯ ಕಿಟಕಿಗಳು, ಅವರ ತಾರಸಿ ನೀರಿನ ಪೈಪು ನಮ್ಮ ಕಡೆ ಬೀಳುವ ಜಾಗ, ಎಲ್ಲ ಗುರುತು ಮಾಡಿಕೊಂಡರು. ರಸ್ತೆಯ ಮೇಲೆ 11 ಕೆವಿ ಲೈನ್ ಹೋಗಿದೆ. ಅದರಿಂದ ಮನೆಯ ಯಾವ ಭಾಗವೂ ಅಡ್ಡಲಾಗಿ 1.2 ಮೀಟರಿಗಿಂತ ಹತ್ತಿರ ಬರಬಾರದು, ಬಾಲ್ಕನಿ ಬರೆಯುವಾಗ ನೆನಪಿರಲಿ ಅಂದರು.

ನಿಜವಾಗಿ ಉಪಕಾರವಾದದ್ದು ಪಕ್ಕದ ಮನೆಯ ಅಜ್ಜಿಯಿಂದ. ಕಾಂಪೌಂಡ್ ಮೇಲಿಂದ ಬಗ್ಗಿ ನೋಡುತ್ತಿದ್ದವರು, "ಆ ಮೂಲೇಲಿ ಬಾವಿ ಇತ್ತು ಕಣಮ್ಮ, ಮುಚ್ಚಿಬಿಟ್ರು" ಅಂದರು. ಸರ್ವೇಯರು ಕೆಲಸ ನಿಲ್ಲಿಸಿ ಅಲ್ಲಿ ಹಾರೆ ಹಾಕಿಸಿದರು. ಮೂರಡಿಯವರೆಗೂ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಚೀಲ, ಬೂದಿ. ನಕ್ಷೆ ಬರೆಯುವ ಹುಡುಗಿ ಮಾರನೇ ದಿನ ಸರ್ವೇಯರ ಅಳತೆಯ ಹಾಳೆ ಮುಂದಿಟ್ಟುಕೊಂಡೇ ಶುರು ಮಾಡಿದಳು. ಬಾವಿ ಇದ್ದ ಮೂಲೆಗೆ ಮಲ್ಲಿಗೆ, ಕರಿಬೇವು. ಬೇವಿನ ಮರ ಉಳಿಯಿತು, ಕಡಿಯಲು ಅನುಮತಿಗೆ ಅಲೆಯುವುದೂ ತಪ್ಪಿತು.

ಎರಡು ವಿಷಯದಲ್ಲಿ ಜನ ಗಲಿಬಿಲಿ ಮಾಡಿಕೊಳ್ಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಖಾಸಗಿ ಸರ್ವೇಯರ್ ಅಳೆದದ್ದು ನೆಲದ ಮೇಲೆ ಏನಿದೆ ಅನ್ನುವುದನ್ನು ತೋರಿಸುತ್ತೆ, ಅಷ್ಟೆ. ಸರ್ವೆ ನಂಬರಿನ ಜಮೀನಿನ ಗಡಿಯಲ್ಲೇ ತಕರಾರಿದ್ದರೆ ಭೂಮಾಪನ ಇಲಾಖೆಗೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಿ ಅಂತ, ಅರ್ಜಿ ಹಾಕಬೇಕು. ಮೊಬೈಲಿನ ದಿಶಾಂಕ್ ಆಪ್ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀವಿ ಅಂತ ತಿಳಿಯಲು ಚೆನ್ನಾಗಿದೆ. ಅದನ್ನು ಹಿಡಿದುಕೊಂಡು ಕಾಂಪೌಂಡ್ ಹಾಕಿಸಲು ಹೋಗಬೇಡಿ, ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತೆ. ಇನ್ನೊಂದು, ನಗರಾಭಿವೃದ್ಧಿ ಪ್ರಾಧಿಕಾರದ ಸೈಟುಗಳನ್ನು ನಾವು ಬಾಯಿಮಾತಿಗೆ 30×40 ಅನ್ನುತ್ತೇವೆ. ಎಷ್ಟೋ ಕಡೆ ಹಕ್ಕುಪತ್ರದಲ್ಲಿ ಇರುವುದು 9×12 ಮೀಟರ್. ಅದು 29 ಅಡಿ 6 ಅಂಗುಲ, 39 ಅಡಿ ನಾಲ್ಕೂವರೆ ಅಂಗುಲ. ನಿಮ್ಮ ಪುರವಣಿಯ ನಕ್ಷೆ ಅಲ್ಲಿ ಕೂರುವುದೇ ಇಲ್ಲ. ಅಂಥವರು ಕರ್ಣ 15 ಮೀಟರ್ ಬರುತ್ತಾ ಅಂತ ನೋಡಲಿ. ಅದೂ ಮೂರು, ನಾಲ್ಕು, ಐದರ ಲೆಕ್ಕವೇ.

ನಕ್ಷೆ ಮಂಜೂರು ಮಾಡುವವರಲ್ಲಿ ನನ್ನದೊಂದು ಕೋರಿಕೆ. ಖಾತಾ ನಕಲು, ತೆರಿಗೆ ರಸೀದಿ, ಕ್ರಯಪತ್ರ ಎಲ್ಲ ಕೇಳುತ್ತೀರಿ. ಅದರ ಜೊತೆ ಸೈಟನ್ನು ಅಳೆದವರು ತಾರೀಕು ಹಾಕಿ ಸಹಿ ಮಾಡಿದ ಒಂದು ಹಾಳೆಯನ್ನೂ ಕೇಳಿ. ನಾಲ್ಕು ಬದಿ, ಎರಡು ಕರ್ಣ, ನಾಲ್ಕು ಮೂಲೆಯ ಮಟ್ಟ, ಚೇಂಬರಿನ ಮಟ್ಟ ಇದ್ದರೆ ಸಾಕು. ಬಡಾವಣೆ ಮಾಡುವವರೂ ಮೂಲೆಕಲ್ಲುಗಳನ್ನು ಜೆಸಿಬಿ ತಗುಲಿದರೆ ಬೀಳುವ ಹಾಗೆ ನೆಡಬಾರದು. ನಮ್ಮ ಸಾಲಿನಲ್ಲಿ ಎರಡು ಕಲ್ಲು ಬಟ್ಟೆ ಒಗೆಯಲು ಹೋಗಿವೆ.

ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಸಲ ನಕ್ಷೆಗಳನ್ನು ಹಾಕುವಾಗ ಕೆಳಗೆ ಸಣ್ಣ ಅಕ್ಷರದಲ್ಲಾದರೂ ಒಂದು ಸಾಲು ಇರಲಿ: ಎರಡೂ ಕರ್ಣ 50 ಅಡಿ ಇರುವ, ಮಟ್ಟವಾದ ಸೈಟಿಗೆ ಮಾತ್ರ. ಪರ್ಸಿನಲ್ಲಿ ನಕ್ಷೆ ಇಟ್ಟುಕೊಂಡವರಿಗೆ ನಿನ್ನೆ ನನ್ನ ನೂರಡಿ ಟೇಪು ಕೊಟ್ಟಿದ್ದೇನೆ. ಶನಿವಾರ ಗಿಡ ಕಡಿಸುತ್ತಾರಂತೆ. ಒಂದು ತುದಿ ಹಿಡಿಯಲು ನನ್ನನ್ನೂ ಕರೆದಿದ್ದಾರೆ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ, ಮೈಸೂರು